ನಿಂತವರ ಜೊತೆ ಮಾತಿಲ್ಲ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರ ಮೊಮ್ಮಗಳು ಹೇಳಿದ್ದಾಳೆ. ಇದು ಮೊದಲೇ ಗೊತ್ತಿದ್ದರೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಆ ಹೆಸರನ್ನು ಬಂಗಾರದ ಬಣ್ಣದ ದೊಡ್ಡ ಅಕ್ಷರಗಳಲ್ಲಿ ಪ್ರಿಂಟ್ ಹಾಕಿಸಿಕೊಂಡು ನಾನು ಸಿಡ್ನಿಯ ವಿಮಾನ ಹತ್ತುತ್ತಿರಲಿಲ್ಲ. ನನ್ನ ಆ ಅವಿವೇಕದ ಕಥೆ ಕೊನೆಯಲ್ಲಿ ಬರುತ್ತದೆ. ಸದ್ಯಕ್ಕೆ ಆಂಟಿ ಎಂದಿಟ್ಟುಕೊಳ್ಳಿ. ಸಿಡ್ನಿಯ ರೆಡ್‌ಫರ್ನಿನ ಆ ಲೇನಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ನಮ್ಮಲ್ಲಿ ಆಂಟಿ ಎಂದರೆ ಯಾರು ಬೇಕಾದರೂ ಆಗಬಹುದು, ಸೀರೆ ಅಂಗಡಿಯಲ್ಲಿ ಪಕ್ಕಕ್ಕೆ ನಿಂತವಳೂ ಆಂಟಿಯೇ. ಅವರ ಜನರಲ್ಲಿ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ, ಅದು ವಯಸ್ಸನ್ನೂ ನಡತೆಯನ್ನೂ ನೋಡಿ ಕೊಡುವ ಗೌರವ.

ನಾವು ಅಲ್ಲಿಗೆ ಹೋದದ್ದು ಸಿಡ್ನಿಯ ಹೊರಅಂಚಿನ ಕ್ವೇಕರ್ಸ್ ಹಿಲ್‌ನಿಂದ. ನಾಲ್ಕು ವರ್ಷ ಅಲ್ಲಿ ರೆಂಟಿಗಿದ್ದೆವು. ಪಿಆರ್, ಅಂದರೆ ಕಾಯಂ ನೆಲೆಸುವ ಅನುಮತಿ, ಸಿಕ್ಕ ಮೇಲೆ ಗೆಳೆಯರೆಲ್ಲ ಇನ್ನೂ ಆಚೆ, ಸ್ಕೋಫೀಲ್ಡ್ಸ್ ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸತೊಡಗಿದರು. ದಿನಾ ರೈಲಿನಲ್ಲಿ ನೇತಾಡಿ ಬೇಸತ್ತಿದ್ದ ನಾನು ಮಾತ್ರ, ಸಿಟಿಗೆ ಅಂಟಿಕೊಂಡಿರುವ ರೆಡ್‌ಫರ್ನಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಎದ್ದಿದೆ, ಅಲ್ಲೇ ಆಗಬೇಕು ಎಂದು ಹಟ ಹಿಡಿದೆ. ನನ್ನ ಹಟದ ಮುಂದೆ ಗಂಡ ಶ್ರೀಧರನ ಲೆಕ್ಕಾಚಾರ ನಿಲ್ಲುವುದಿಲ್ಲ. ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಕೊಂಡೆವು. ಗೃಹಪ್ರವೇಶಕ್ಕೆ ಬಂದ ಹಾಸನದ ಗೆಳತಿಯೊಬ್ಬಳು ಬಾಲ್ಕನಿಯಿಂದ ಕೆಳಗೆ ಬಗ್ಗಿ ನೋಡಿ ದನಿ ತಗ್ಗಿಸಿದಳು.

“ವ್ಯೂ ಸೂಪರಾಗಿದೆ ಕಣೇ. ಆದ್ರೆ ಇದು ಆ ಜನದ ಏರಿಯಾ ಅಲ್ವಾ? ಸೇಫಾ?”

“ಮೊದಲು ಇದ್ರಂತೆ. ಈಗ ಯಾರೂ ಇಲ್ಲ ಬಿಡೇ,” ಎಂದೆ.

ಹಾಗೆ ಹೇಳುವಾಗ ನಾವಿಬ್ಬರೂ ನೋಡುತ್ತಿದ್ದುದು ಆಂಟಿಯ ಮನೆಯ ಚಿಮಣಿಯನ್ನು. ಹಿಂದಿನ ಲೇನಿನಲ್ಲಿ ಐದು ಹಳೆಯ ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಎಲ್ಲವೂ ಸರ್ಕಾರದ ಬಾಡಿಗೆ ಮನೆಗಳು. ಒಂದು ಕಾಲಕ್ಕೆ ಸುತ್ತಲಿನ ಬೀದಿ ಬೀದಿಯೇ ಅವರ ಜನರದಂತೆ. ರೈಲ್ವೆ ವರ್ಕ್‌ಶಾಪಿಗೆ, ಕಾರ್ಖಾನೆಗಳಿಗೆ ಕೆಲಸ ಹುಡುಕಿ ದೂರದ ಊರುಗಳಿಂದ ಬಂದು ನೆಲೆ ನಿಂತವರು. ಆಮೇಲೆ ರೆಂಟ್ ಏರಿತು, ಕಾಫಿ ಅಂಗಡಿಗಳು ಬಂದವು, ನಮ್ಮಂಥವರು ಬಂದೆವು. ಒಬ್ಬೊಬ್ಬರಾಗಿ ಅವರು ಖಾಲಿಯಾದರು. ನಾವು ಬರುವ ಹೊತ್ತಿಗೆ ಐದರಲ್ಲಿ ಮೂರು ಮನೆಗಳ ಕಿಟಕಿಗೆ ಹಲಗೆ ಹೊಡೆದಿದ್ದರು. ಕೊನೆಯ ಮನೆಯಲ್ಲಿ ಆಂಟಿ ಇದ್ದರು.

ನಮ್ಮ ಕಟ್ಟಡದ ಹಿಂಬಾಗಿಲಿನಿಂದ ಸ್ಟೇಷನ್ನಿಗೆ ಆ ಲೇನೇ ಹತ್ತಿರದ ದಾರಿ. ಬೆಳಿಗ್ಗೆ ಎಂಟಕ್ಕೆ ನಾನು ಓಡುವುದು, ಅವರು ಮನೆ ಮುಂದೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತ ನನ್ನ ಓಟವನ್ನು ನೋಡುವುದು, ಹೀಗೆ ಒಂದು ತಿಂಗಳು ನಡೆಯಿತು. ಕಡ್ಡಿಯಂಥ ಕಾಲುಗಳು. ತಲೆಗೆ ಕೆಂಪು ಉಲ್ಲನ್ ಟೋಪಿ, ಮೈಮೇಲೆ ಗಂಡಸರ ಕೋಟು, ಕನ್ನಡಕಕ್ಕೆ ಶೂ ಲೇಸು ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಯಾವಾಗಲೂ ಇನ್ನೊಂದು ಕುರ್ಚಿ. ಎರಡೂ ಸ್ಟೀಲ್ ಕಾಲಿನ ಹಳೆಯ ಅಡುಗೆಮನೆ ಕುರ್ಚಿಗಳು, ಹರಿದ ಸೀಟಿಗೆ ಕಪ್ಪು ಟೇಪು. ಒಂದು ದಿನ ಟೋಲ್ ಗೇಟಿನ ಹಾಗೆ ಊರುಗೋಲನ್ನು ನನಗೆ ಅಡ್ಡ ಹಿಡಿದರು. ಅವರಾಡಿದ್ದು ಅವರದೇ ಇಂಗ್ಲಿಷು. ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡದಲ್ಲಿ, ಹಾಗೆಯೇ ಬರೆಯುತ್ತೇನೆ.

“ಏಯ್, ದಿನಾ ಓಡ್ತೀಯಲ್ಲ, ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ನಿನ್ನ?”

“ಟ್ರೈನ್ ಹೋಗಿಬಿಡತ್ತೆ...”

“ಇನ್ನೊಂದು ಬರುತ್ತೆ. ಕೂತ್ಕೋ. ನಿಂತವರ ಜೊತೆ ನಾನು ಮಾತಾಡಲ್ಲ.”

ಕೂತೆ. ಅವರು ಮೊದಲು ಕೇಳಿದ್ದು ಯಾವ ಕೆಲಸ ಎಂದಲ್ಲ, ಎಷ್ಟು ಕೊಟ್ಟು ಮನೆ ಕೊಂಡೆ ಎಂದೂ ಅಲ್ಲ. ನಿನ್ನ ಜನ ಯಾರು, ಯಾವ ಕಡೆಯವರು ಎಂದು. ನಮ್ಮ ತುಮಕೂರಿನ ಮದುವೆ ಮನೆಗಳಲ್ಲಿ ಮುದುಕಿಯರು ‘ನೀನು ಯಾರ ಪೈಕಿಯೇ?’ ಎನ್ನುವ ಹಾಗೆಯೇ. ಇಷ್ಟು ವರ್ಷಗಳಲ್ಲಿ ಈ ದೇಶದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನನ್ನ ಕೊರಳಿನ ಆಫೀಸ್ ಬ್ಯಾಡ್ಜನ್ನು ಎತ್ತಿ ಕನ್ನಡಕಕ್ಕೆ ಹಿಡಿದು ಓದಿದರು.

“ಆ್ಯನಾ? ನೀನು ಆ್ಯನಾ ಥರ ಕಾಣಲ್ಲ. ನಿಮ್ಮಮ್ಮ ಏನಂತ ಕರೀತಿದ್ಲು?”

“ಅನ್ನಪೂರ್ಣ.”

“ಇನ್ನೊಂದ್ಸಲ ಹೇಳು.”

ನನ್ನ ಆಫೀಸಿನವರು ನಾಲ್ಕು ವರ್ಷವಾದರೂ ಅದನ್ನು ಹೇಳಲಾರದೆ ಕತ್ತರಿಸಿ ಆ್ಯನಾ ಮಾಡಿಕೊಂಡಿದ್ದರು. ಆಂಟಿ ಒಂದು ವಾರ ದಿನಾ ಅಡ್ಡ ಹಾಕಿ ಹೇಳಿಸಿಕೊಂಡು ಕಲಿತರು. ನಾಲಿಗೆ ಮಡಚುವ ಆ ಕೊನೆಯ ಣಕಾರ ಅವರಿಗೆ ಕಷ್ಟವೇ ಆಗಲಿಲ್ಲ, ಅವರ ಅಜ್ಜಿಯಾಡುತ್ತಿದ್ದ ಭಾಷೆಯಲ್ಲಿ ಅಂಥದೇ ಸದ್ದು ಇತ್ತಂತೆ. ಅರ್ಥ ಕೇಳಿದರು. ಎಲ್ಲರಿಗೂ ಊಟಕ್ಕಿಡುವ ದೇವಿ ಎಂದೆ.

“ಹಂಗಿದ್ರೆ ದಿನಾ ಬರಿಗೈಲಿ ಯಾಕೆ ಬರ್ತೀಯಾ?”

ಮರುದಿನ ಉಪ್ಪಿಟ್ಟು ಒಯ್ದೆ. ಎರಡು ಚಮಚ ತಿಂದು, ಬಾಯಿ ಒರೆಸಿಕೊಂಡು, ಇದನ್ನು ಯಾವ ಹೊಳೆಯ ದಂಡೆಯಿಂದ ತಂದೆ ಎಂದರು. ಕೋಡುಬಳೆ ಮಾತ್ರ ಮೆಚ್ಚುಗೆಯಾಯಿತು. ಐದು ಬೆರಳಿಗೆ ಐದು ಸಿಕ್ಕಿಸಿಕೊಂಡು ಒಂದೊಂದೇ ತಿನ್ನುತ್ತಿದ್ದರು. ಹಾಗೆ ಕೈ ಎತ್ತಿ ನಗುತ್ತಿದ್ದಾಗ ನಾನು ಫೋನಿನಲ್ಲಿ ತೆಗೆದ ಫೋಟೋ ಒಂದಿದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಆ ಎರಡನೇ ಕುರ್ಚಿ ಖಾಲಿ ಇರುತ್ತಿದ್ದುದು ಬೆಳಿಗ್ಗೆ ಮಾತ್ರ. ರೆಡ್‌ಫರ್ನ್ ಬಿಟ್ಟು ದೂರದ ಸಬರ್ಬುಗಳಿಗೆ, ದೂರದ ಊರುಗಳಿಗೆ ಚದುರಿಹೋದ ಅವರ ಜನ ಆಸ್ಪತ್ರೆಗೆಂದು, ಕೋರ್ಟಿಗೆಂದು, ಸಾವಿಗೆಂದು ಸಿಟಿಗೆ ಬಂದರೆ ಇಳಿಯುತ್ತಿದ್ದುದು ಆ ಮನೆಯಲ್ಲೇ. ಹಜಾರದಲ್ಲಿ ಐದಾರು ಹಾಸಿಗೆ ಸುತ್ತಿಟ್ಟಿರುತ್ತಿದ್ದವು. ಯಾರು ಬಂದರೂ ಆಂಟಿ ತುಟಿ ಮುಂದೆ ಮಾಡಿ ಕುರ್ಚಿ ತೋರಿಸುತ್ತಿದ್ದರು. ಬೆರಳು ತೋರಿಸಿದ್ದನ್ನು ನಾನು ನೋಡಿಲ್ಲ.

ನಿಂತವರ ಜೊತೆ ಯಾಕೆ ಮಾತಾಡುವುದಿಲ್ಲ ಎಂದು ಒಮ್ಮೆ ತಮಾಷೆಗೆ ಕೇಳಿದೆ. ಅವರು ಲೋಟದೊಳಗೆ ನೋಡುತ್ತ ಹೇಳಿದರು.

“ನಂಗೆ ಏಳು ವರ್ಷ. ತಂಗಿಗೆ ನಾಲ್ಕು. ಇಬ್ಬರು ಬಂದ್ರು, ಕೈಯಲ್ಲಿ ಕಾಗದ. ಅಮ್ಮ ಕೂತ್ಕೊಳ್ಳಿ ಅಂದ್ಲು, ಟೀ ಕುಡೀರಿ ಅಂದ್ಲು. ಅವರು ಕೂರಲಿಲ್ಲ. ನಿಂತ್ಕೊಂಡೇ ಓದಿದ್ರು, ನಿಂತ್ಕೊಂಡೇ ತಂಗೀನ ಎತ್ಕೊಂಡ್ರು. ನಾನು ಕೋಳಿಗೂಡಲ್ಲಿ ಬಚ್ಚಿಟ್ಕೊಂಡಿದ್ದೆ.”

ಮೂಲನಿವಾಸಿಗಳ ಮಕ್ಕಳನ್ನು ಆಗ ಸರ್ಕಾರವೇ ಹೀಗೆ ಎತ್ತಿಕೊಂಡು ಹೋಗುತ್ತಿತ್ತಂತೆ. ಆ ತಂಗಿಯನ್ನು ಅವರು ಮತ್ತೆ ನೋಡಲಿಲ್ಲ. ನಾನು ಏಳಲಿಲ್ಲ. ಅಂದು ಎರಡು ಟ್ರೈನ್ ಬಿಟ್ಟೆ.

ಗಂಡನ ವಿಷಯ ಬಂದರೆ ಆಂಟಿ ಹೆಸರು ಹೇಳುತ್ತಿರಲಿಲ್ಲ. ‘ನಮ್ಮ ಮುದುಕ’ ಎನ್ನುತ್ತಿದ್ದರು, ‘ಈ ಕೋಟಿನವನು’ ಎನ್ನುತ್ತಿದ್ದರು. ಒಳಗೆ ಅವನ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದರು. ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮಜ್ಜಿಯೂ ತಾತನ ಹೆಸರು ಹೇಳಿದವಳಲ್ಲ. ಓಟಿನ ಪಟ್ಟಿಯವನು ಬಂದು ಯಜಮಾನರ ಹೆಸರೇನಮ್ಮಾ ಎಂದರೆ ನನ್ನನ್ನು ಕೂಗಿ ಹೇಳಿಸುತ್ತಿದ್ದಳು. ನೋಡಿ, ಎಲ್ಲಿಯ ತುಮಕೂರು ಎಲ್ಲಿಯ ರೆಡ್‌ಫರ್ನ್, ಹೆಂಗಸರ ನಾಚಿಕೆ ಒಂದೇ ಎಂದು ಶ್ರೀಧರನ ಮುಂದೆ ಭಾಷಣ ಬಿಗಿದೆ. ತಿರುಗಿಸಿಟ್ಟ ಫೋಟೋ? ಬದುಕಿದ್ದಾಗ ಜಗಳವಿದ್ದಿರಬೇಕು ಎಂದುಕೊಂಡೆ. ಕೇಳಲಿಲ್ಲ. ಗೊತ್ತಿದೆ ಎಂದುಕೊಂಡವಳು ಕೇಳುವುದೇನನ್ನು?

ನಾವು ಬಂದು ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಆಂಟಿಯ ಗೋಡೆಯ ಬುಡದಲ್ಲಿ ಗುಲಾಬಿ ಬಣ್ಣದ ಗುರುತು, ಪಕ್ಕದಲ್ಲೊಂದು ಅಂಕಿ. ಅದು ಏನೆಂದು ನೋಡಿದ ಕೂಡಲೇ ತಿಳಿಯಿತು. ತುಮಕೂರಿನ ನಮ್ಮ ಮನೆಯ ಜಗಲಿಗೆ ರಸ್ತೆ ಅಗಲ ಮಾಡುವವರು ಬಳಿದದ್ದು ಕೆಂಪು ಬಣ್ಣ, ವ್ಯತ್ಯಾಸ ಅಷ್ಟೇ. ಆ ಗುರುತನ್ನು ನಮ್ಮಪ್ಪ ತಿಂಗಳುಗಟ್ಟಲೆ ಸುಣ್ಣ ಹೊಡೆದು ಮುಚ್ಚುತ್ತಿದ್ದರು, ಅದು ಮತ್ತೆ ಇಣುಕುತ್ತಿತ್ತು.

“ಹೋಗು ಅಂತ ಕಾಗದ ಬಂದಿದೆ,” ಎಂದರು ಆಂಟಿ. ನಮ್ಮ ಕಟ್ಟಡದ ಎರಡನೇ ಹಂತ ಏಳುವುದು ಆ ಐದು ಮನೆಗಳ ಜಾಗದಲ್ಲಿ. ಅವರಿಗೆ ಬದಲಿ ಮನೆ ಕೊಡುತ್ತಾರೆ. ಎಲ್ಲಿ? ಕ್ವೇಕರ್ಸ್ ಹಿಲ್‌ನಿಂದ ಇನ್ನೂ ಸ್ವಲ್ಪ ಆಚೆ.

“ನೀನು ಅಲ್ಲಿದ್ದೆ ಅಲ್ವಾ? ಹೆಂಗಿದೆ ಹೇಳು, ಅನ್ನಪೂರ್ಣ.”

“ಚೆನ್ನಾಗಿದೆ ಆಂಟಿ. ಪೀಸ್‌ಫುಲ್ಲಾಗಿದೆ. ಪಾರ್ಕಿದೆ, ಒಳ್ಳೇ ಗಾಳಿ...”

“ಮತ್ತೆ ನೀನ್ಯಾಕೆ ಬಿಟ್ಟು ಬಂದೆ?”

ನಾನು ಟೀ ಕುಡಿದೆ. ಅವರು ಕಾದರು, ನಾನು ಮತ್ತೆ ಟೀ ಕುಡಿದೆ.

“ಈ ಬಾಗಿಲಿಂದ ನನ್ನನ್ನ ಮಲಗಿಸ್ಕೊಂಡೇ ಆಚೆ ತಗೊಂಡು ಹೋಗ್ಬೇಕು,” ಎಂದರು. “ನಂಗೋಸ್ಕರ ಅಲ್ಲ. ನಾನು ಎಲ್ಲಾದ್ರೂ ಮಲಗ್ತೀನಿ. ಆಸ್ಪತ್ರೆಗೆ ಅಂತ ಬಂದವರು ಯಾವ ಬಾಗಿಲು ತಟ್ಟಬೇಕು?”

ಫೀಸು ತೆಗೆದುಕೊಳ್ಳದೆ ವಾದಿಸಲು ಒಬ್ಬ ಲಾಯರ್ ಹುಡುಗಿ ಸಿಕ್ಕಿದ್ದಳು. ಎರಡನೇ ಹಂತ ಬೇಡ ಎನ್ನುವವರು, ಬೇಕು ಎನ್ನುವವರು ಬರೆದು ಸಹಿ ಹಾಕಿ ಕೊಡಲು ಒಂದು ತಿಂಗಳ ಗಡುವಿತ್ತು. ಆಂಟಿ ಮನೆಮನೆಗೆ ಹೋಗಲಿಲ್ಲ. ಕುರ್ಚಿಯಲ್ಲೇ ಕೂತಿದ್ದರು. ನೆರೆಯವರಿಗೆ ಕಣ್ಣಿದೆ, ಬಂದು ಕೂರುತ್ತಾರೆ, ಸಹಿ ಹಾಕುತ್ತಾರೆ ಎಂದು ನಂಬಿದ್ದರು. ಮೊಣಕಾಲ ಮೇಲೆ ಪ್ಯಾಡು, ಅದಕ್ಕೆ ಕಟ್ಟಿದ ಪೆನ್ನು. ನಾಳೆ ಹಾಕುತ್ತೇನೆ ಎಂದು ನಾನು ದಿನ ದೂಡಿದೆ. ಯಾಕೆಂದರೆ ಮನೆಯಲ್ಲಿ ಶ್ರೀಧರ ಬೇರೆಯದೇ ರಾಗ ಹಾಡುತ್ತಿದ್ದ.

“ಸ್ಟೇಜ್ ಟೂ ಬಂದ್ರೆ ಪಾರ್ಕ್ ಬರತ್ತೆ, ಚೈಲ್ಡ್‌ಕೇರ್ ಬರತ್ತೆ, ನಮ್ಮ ಮನೆ ವ್ಯಾಲ್ಯೂನೂ ಏರತ್ತೆ. ಮೂವತ್ತು ವರ್ಷದ ಮಾರ್ಟ್‌ಗೇಜ್ ಕಣೇ. ನೀನು ಹೋಗಿ ಬೇಡ ಅಂತ ಸೈನ್ ಹಾಕ್ತೀಯಾ?”

“ಆಂಟಿ ಎಲ್ಲಿಗ್ರೀ ಹೋಗ್ಬೇಕು?”

“ಅವರಿಗೆ ಹೊಸ ಮನೇನೇ ಕೊಡ್ತಿದ್ದಾರಲ್ಲ. ನಾವೇನು ಬೀದಿಗೆ ಹಾಕ್ತಿದ್ದೀವಾ?”

ಒಂದು ಬೆಳಿಗ್ಗೆ ಲಿಫ್ಟಿನಿಂದ ಇಳಿದರೆ ಲಾಬಿಯಲ್ಲಿ ಬಿಲ್ಡರ್ ಕಡೆಯ ಹುಡುಗಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದಳು. ನಮ್ಮ ಕಟ್ಟಡದವರೆಲ್ಲ ಸಾಲಾಗಿ ಎರಡನೇ ಹಂತ ಬೇಕು ಎಂದು ಸಹಿ ಹಾಕುತ್ತಿದ್ದರು. ಕಾರಣಗಳ ಪಟ್ಟಿಯೂ ತಯಾರಿತ್ತು, ಟಿಕ್ ಹಾಕಿದರೆ ಸಾಕು. ಮುಂದಿದ್ದವರು ಮೂರನೆಯದಕ್ಕೆ ಹಾಕಿದ್ದರು, ನಾನೂ ಅದಕ್ಕೇ ಹಾಕಿದೆ. ‘ಹಿಂದಿನ ಲೇನು ಸುರಕ್ಷಿತ ಎನಿಸುವುದಿಲ್ಲ.’ ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದೆ. ಟ್ರೈನಿಗೆ ಹೊತ್ತಾಗಿತ್ತು, ಆಗುವುದು ಹೇಗೂ ಆಗಿಯೇ ಆಗುತ್ತದೆ ಎಂದುಕೊಂಡೆ. ಇಡೀ ಹೆಸರು ಕೇಳಿದರು, ಕೊಟ್ಟೆ. ನಿಂತುಕೊಂಡೇ ಹಾಕಿದ ಸಹಿ ಅದು. ಆಮೇಲೆ ಹಿಂಬಾಗಿಲು ಬಿಟ್ಟು ಮುಂದಿನ ರಸ್ತೆಯಿಂದ ಸುತ್ತಿ ಸ್ಟೇಷನ್ನಿಗೆ ಹೋದೆ.

ಎರಡು ವಾರ ಆ ಸುತ್ತು ದಾರಿಯಲ್ಲೇ ಓಡಾಡಿದೆ. ಸಹಿ ಹಾಕಿದವರ ಹೆಸರುಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ವೆಬ್‌ಸೈಟಿನಲ್ಲಿ ಹಾಕುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಒಂದು ಶನಿವಾರ ಮಗಳು ಇಂಚರ ಕೆಳಗೆ ಸ್ಕೂಟರ್ ಆಡಿ ಬಂದು, “ಅಮ್ಮಾ, ಆಂಟಿ ವಾಂಟ್ಸ್ ಯೂ,” ಎಂದಳು. ಇಳಿದು ಹೋದೆ. ಆಂಟಿಯ ಮಡಿಲಲ್ಲಿ ಲಾಯರ್ ಹುಡುಗಿ ತಂದುಕೊಟ್ಟ ಪ್ರಿಂಟು.

“ಕೂತ್ಕೋ.”

ಕೂತೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

“ಉದ್ದದ ಹೆಸರು. ಓದೋಕೆ ಕಷ್ಟ. ಆದ್ರೆ ನಂಗೆ ಬರುತ್ತಲ್ಲ,” ಎಂದರು. ಆಮೇಲೆ, “ನಿಂಗೆ ಇಲ್ಲಿ ಭಯ ಆಗುತ್ತಾ?”

“ಇಲ್ಲ ಆಂಟಿ.”

“ನಿನ್ನ ಮಗಳಿಗೆ?”

“ಇಲ್ಲ. ಆಂಟಿ, ತಪ್ಪಾಯ್ತು. ನಾನು ವಾಪಸ್ ತಗೋತೀನಿ, ಇವತ್ತೇ ಬರೀತೀನಿ...”

“ಎದ್ದು ಹೋಗ್ಬೇಡ, ಟೀ ಮುಗಿಸು,” ಎಂದರು. ಅಷ್ಟೇ. ಕೊನೆಯ ಗುಟುಕಿನವರೆಗೂ ಕುಡಿದೆ. ಅಂದೇ ಇಮೇಲ್ ಬರೆದೆ. ಗಡುವು ಮುಗಿದಿದೆ, ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ ಎಂದು ಮೂರು ದಿನಕ್ಕೆ ಉತ್ತರ ಬಂತು. ಶ್ರೀಧರನ ಜೊತೆ ಒಂದು ವಾರ ಮಾತು ಬಿಟ್ಟೆ, ಸಹಿ ಹಾಕಿದ್ದು ಅವನೇ ಎಂಬ ಹಾಗೆ.

ಆ ದಿನದಿಂದ ಆಂಟಿ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದರು. ಕೂರಿಸುತ್ತಿದ್ದರು, ಟೀ ಕೊಡುತ್ತಿದ್ದರು, ಇಂಚರಳನ್ನು ಕರೆದು ಬಿಸ್ಕತ್ತು ಕೊಡುತ್ತಿದ್ದರು. ನನ್ನನ್ನು ಮಾತ್ರ, “ಏಯ್, ನಾಲ್ಕನೇ ಮಹಡಿ,” ಎನ್ನುತ್ತಿದ್ದರು. ಮೊದಮೊದಲು ತಮಾಷೆ ಎಂದುಕೊಂಡೆ. ಎಂಟು ತಿಂಗಳು ಕಳೆದರೂ ಅದೇ ಆದಾಗ ತಮಾಷೆ ಅಲ್ಲ ಎಂದು ಗೊತ್ತಾಯಿತು. ಆ್ಯನಾ ಎಂದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು. ಮನೆ ಖಾಲಿ ಮಾಡಿಸುವ ದಿನ ನಾನು ರಜೆ ಹಾಕಿದ್ದೆ. ಸರ್ಕಾರದ ವಸತಿ ಇಲಾಖೆಯಿಂದ ಬಂದವನಿಗೆ ಮೂವತ್ತು ದಾಟಿರಲಿಲ್ಲ. ಮೆತ್ತಗಿನ ಮನುಷ್ಯ, ಕೈಯಲ್ಲಿ ಫೈಲು. ಹಿಂದೆ ಲಾರಿ, ಲಾರಿಯವರು, ಹಲಗೆ ಹೊಡೆಯಲು ಬಂದ ಇಬ್ಬರು. ಲೇನಿನ ತುದಿಯಲ್ಲಿ ಆಂಟಿಯ ಕಡೆಯವರು ಹತ್ತಿಪ್ಪತ್ತು ಮಂದಿ ಕೈಕಟ್ಟಿ ನಿಂತಿದ್ದರು. ಅವರ ಎದುರು ಇಬ್ಬರು ಪೊಲೀಸರು. ಯಾರಾದರೂ ಕೆಮ್ಮಿದರೂ ಎಲ್ಲರೂ ತಿರುಗಿ ನೋಡುವಂತಿತ್ತು. ಆಂಟಿ ಕುರ್ಚಿಯಲ್ಲಿದ್ದರು, ಬಾಗಿಲಿಗೆ ಬೆನ್ನು ಕೊಟ್ಟು.

“ಕೂತ್ಕೋ ಮಗಾ,” ಎಂದರು.

“ಪರವಾಗಿಲ್ಲ ಮೇಡಂ, ಒಂದೆರಡು ಸಹಿ ಅಷ್ಟೇ.”

ಆಂಟಿ ಬಾಯಿ ಮುಚ್ಚಿದರು. ಅವನು ಓದಲು ಶುರು ಮಾಡಿದ, ಅವರು ಕಣ್ಣನ್ನೂ ಮುಚ್ಚಿದರು. ಐದು ನಿಮಿಷ, ಹತ್ತು ನಿಮಿಷ. ಲಾರಿಯವನು ಗಡಿಯಾರ ನೋಡಿಕೊಂಡ. ಒಬ್ಬ ಪೊಲೀಸ್ ಎರಡು ಹೆಜ್ಜೆ ಮುಂದೆ ಬಂದ, ತುದಿಯಲ್ಲಿದ್ದವರೂ ಎರಡು ಹೆಜ್ಜೆ ಬಂದರು. ನಾನು ಇಂಚರಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು “ಅಮ್ಮಾ, ಯೂ ಆರ್ ಹರ್ಟಿಂಗ್ ಮಿ,” ಎಂದಳು. ಕೊನೆಗೆ ಆ ಹುಡುಗ ಸುತ್ತ ನೋಡಿ, ಫೈಲನ್ನು ಎದೆಗವಚಿಕೊಂಡು, ಎರಡನೇ ಕುರ್ಚಿಯ ತುದಿಯಲ್ಲಿ ಕೂತ. ಆಂಟಿ ಕಣ್ಣು ತೆರೆದರು.

“ಈಗ ಹೇಳು. ನಿನ್ನ ಜನ ಯಾರು?”

ಅವನು ಹೇಳಿದ, ತನ್ನ ಅಪ್ಪ ಅಮ್ಮ ಯಾವ ಊರಿನವರು, ತಾನು ಹುಟ್ಟಿದ್ದೆಲ್ಲಿ ಎಲ್ಲವನ್ನೂ. ಹೇಳುತ್ತ ಅವನ ಕುತ್ತಿಗೆ ಕೆಂಪಾಯಿತು. ಆಂಟಿ ಪೂರ್ತಿ ಕೇಳಿದರು. ಆಮೇಲೆ ಪೆನ್ನಿಗೆ ಕೈ ಚಾಚಿ ಸಹಿ ಹಾಕಿದರು. ತುದಿಯಲ್ಲಿದ್ದ ಹೆಂಗಸೊಬ್ಬಳು ಗಟ್ಟಿಯಾಗಿ ಅಳತೊಡಗಿದಳು. ನನಗೂ ಅಳು ಬಂತು. ಅಳಲು ನನಗೇನು ಹಕ್ಕು ಎಂದು ನುಂಗಿಕೊಂಡೆ.

ಲಾರಿ ತುಂಬಿದ ಮೇಲೆ ಆಂಟಿ ನನ್ನತ್ತ ತುಟಿ ಚಾಚಿದರು. “ಏಯ್, ನಾಲ್ಕನೇ ಮಹಡಿ. ಈ ಎರಡನೇ ಕುರ್ಚಿ ನೀನಿಟ್ಕೋ. ಅಲ್ಲಿ ಬಾಲ್ಕನಿ ಒಂದು ಕುರ್ಚಿಯಷ್ಟೇ ಇದೆ.”

“ನಾನು ಬರ್ತೀನಿ ಆಂಟಿ, ಅಲ್ಲಿಗೆ. ಕೋಡುಬಳೆ ತಗೊಂಡು ಬರ್ತೀನಿ.”

“ಬಾ,” ಎಂದರು. ಹೋಗಿಬರುತ್ತೇನೆ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಕಾರಿನೊಳಗೆ ಕೂತು ಮುಂದೆ ನೋಡಿದರು.

ನಾನು ಹೋಗಲಿಲ್ಲ. ಸ್ಕೋಫೀಲ್ಡ್ಸ್‌ನ ಗೆಳತಿಯ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದೆ, ಮಕ್ಕಳ ಬರ್ತ್‌ಡೇಗೆ ಹೋದೆ. ಅಲ್ಲಿಂದ ಆಂಟಿಯ ಮನೆಗೆ ಕಾರಿನಲ್ಲಿ ಹತ್ತು ನಿಮಿಷ. ಪ್ರತಿ ಸಲವೂ ಹೊತ್ತಾಗಿದೆ ಎಂದುಕೊಂಡೆ. ಮುಖ ತೋರಿಸುವ ಧೈರ್ಯವಿರಲಿಲ್ಲ ಎನ್ನುವುದು ಸರಿಯಾದ ಮಾತು. ಮತ್ತೆ ‘ನಾಲ್ಕನೇ ಮಹಡಿ’ ಎಂದು ಕರೆಸಿಕೊಳ್ಳಲು ಯಾರು ಹೋಗುತ್ತಾರೆ? ಅಷ್ಟರಲ್ಲಿ ಶ್ರೀಧರನ ಬ್ಯಾಂಕಿನ ಕೆಲಸ ಮೆಲ್ಬರ್ನಿಗೆ ವರ್ಗವಾಯಿತು. ರೆಡ್‌ಫರ್ನಿನ ಮನೆಯನ್ನು ರೆಂಟಿಗೆ ಕೊಟ್ಟು ಡಾಕ್‌ಲ್ಯಾಂಡ್ಸ್‌ಗೆ ಬಂದೆವು. ಇಲ್ಲಿ ನೀರು, ಗಾಜಿನ ಕಟ್ಟಡಗಳು, ಟ್ರ್ಯಾಮಿನ ಗಂಟೆ. ಯಾರ ಜನ ಎಲ್ಲಿಗೆ ಹೋದ ಮೇಲೆ ಇದೆಲ್ಲ ಎದ್ದಿತೋ ನಾನು ವಿಚಾರಿಸಿಲ್ಲ. ಕಪ್ಪು ಟೇಪಿನ ಕುರ್ಚಿ ನಮ್ಮ ಬಾಲ್ಕನಿಯಲ್ಲಿದೆ.

ಕಳೆದ ಚಳಿಗಾಲದಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಣ್ಣು ದನಿ.

“ನೀವು ಫೋರ್ತ್ ಫ್ಲೋರಾ? ನ್ಯಾನ್ ಫ್ರಿಜ್ ಮೇಲೆ ನಿಮ್ಮ ನಂಬರ್ ಹಂಗೇ ಬರೆದಿದ್ದಾರೆ. ನಾನು ಮೊಮ್ಮಗಳು. ನ್ಯಾನ್ ಹೋಗಿಬಿಟ್ರು. ಶುಕ್ರವಾರ ಮಣ್ಣು.”

ನ್ಯಾನ್ ಎಂದರೆ ಅಜ್ಜಿ, ನನ್ನ ಆಂಟಿ. ಆಮೇಲೆ ನಮ್ಮ ಕಡೆಯವರು ಏನು ಮಾಡುತ್ತಾರೋ ಅದನ್ನೇ ಮಾಡಲು ಹೊರಟೆ. ನಮ್ಮಲ್ಲಿ ದೊಡ್ಡವರು ಹೋದರೆ ಫೋಟೋ ಬೇಕು, ಹಾರ ಬೇಕು, ಸರ್ಕಲ್ಲಿನಲ್ಲಿ ಹೆಸರು ಹಾಕಿ ಭಾವಪೂರ್ಣ ಶ್ರದ್ಧಾಂಜಲಿ ಎಂಬ ಫ್ಲೆಕ್ಸ್ ಬೇಕು. ಫ್ಲೆಕ್ಸ್ ಆಗದಿದ್ದರೂ ಫ್ರೇಮ್ ಆಗುತ್ತದಲ್ಲ. ಕೋಡುಬಳೆಯ ಕೈ ಎತ್ತಿ ನಗುತ್ತಿದ್ದ ಆ ಫೋಟೋವನ್ನು ದೊಡ್ಡದು ಮಾಡಿಸಿದೆ. ಕೆಳಗೆ ಬಂಗಾರದ ಅಕ್ಷರದಲ್ಲಿ ಪೂರ್ತಿ ಹೆಸರು. ಸುತ್ತ ಬಿಳಿ ಸೇವಂತಿಗೆಯ ಹಾರ. ಇಂಚರ ನೋಡಿ ಹುಬ್ಬು ಗಂಟಿಕ್ಕಿದಳು.

“ಅಮ್ಮಾ, ಇಸ್ ದಿಸ್ ಓಕೆ? ಟಿವಿಯಲ್ಲಿ ಫಸ್ಟ್ ಒಂದು ವಾರ್ನ್ ಮಾಡ್ತಾರಲ್ಲ... ಶುಡ್ ವಿ ಆಸ್ಕ್ ದೆಮ್?”

“ಸುಮ್ನಿರು ನೀನು. ಸತ್ತವರ ಫೋಟೋ ಇಡೋದನ್ನ ನಿನ್ನ ಹತ್ರ ಕಲೀಬೇಕಾ?”

ಮಣ್ಣು ಮುಗಿಸಿ ಎಲ್ಲರೂ ರೆಡ್‌ಫರ್ನಿನ ಒಂದು ಹಾಲ್‌ನಲ್ಲಿ ಸೇರಿದ್ದರು. ವಿಮಾನ ತಡವಾಗಿ ನಾನು ನೇರ ಅಲ್ಲಿಗೇ ಹೋದೆ. ಗೋಡೆಗುಂಟ ಕುರ್ಚಿಗಳು, ಮಧ್ಯದ ಮೇಜಿನ ಮೇಲೆ ತಿಂಡಿ. ಎಲ್ಲೂ ಒಂದು ಫೋಟೋ ಇರಲಿಲ್ಲ. ಪಾಪ, ಯಾರಿಗೂ ಹೊಳೆದಿಲ್ಲ ಎಂದುಕೊಂಡೆ. ತಟ್ಟೆಗಳನ್ನು ಸರಿಸಿ, ಕಾಗದ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಫ್ರೇಮನ್ನು ನಿಲ್ಲಿಸಿದೆ. ಹಾರವನ್ನು ನೇರ ಮಾಡಿ, ಕೈಮುಗಿದು, ಅವರ ಹೆಸರನ್ನು ಗಟ್ಟಿಯಾಗಿ ಹೇಳಿದೆ.

ಮುದುಕನೊಬ್ಬ ಮುಖ ತಿರುಗಿಸಿಕೊಂಡು ಎದ್ದು ಹೊರಗೆ ನಡೆದ, ಅವನ ಹಿಂದೆ ಇನ್ನಿಬ್ಬರು. ಮೂಲೆಯಲ್ಲಿ ಒಬ್ಬಾಕೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನರಳಿದಳು. ಇಪ್ಪತ್ತೈದರ ಒಬ್ಬ ಹುಡುಗಿ ಓಡಿಬಂದು ತನ್ನ ಜಾಕೆಟ್ ತೆಗೆದು ಫ್ರೇಮಿನ ಮೇಲೆ ಹೊದಿಸಿದಳು. ಅದನ್ನು ನನ್ನ ಕೈಗಿಟ್ಟು, ತೋಳು ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆತಂದಳು.

“ಕೂತ್ಕೊಳ್ಳಿ,” ಎಂದಳು. ಮೊಮ್ಮಗಳು ಇವಳೇ ಎಂದು ತಿಳಿಯಿತು. “ನಿಮಗೆ ಗೊತ್ತಿರ್ಲಿಲ್ಲ, ಅದು ನಂಗೆ ಗೊತ್ತು. ಹೋದವರ ಹೆಸರು ಹೇಳಲ್ಲ ನಾವು. ಮುಖಾನೂ ತೋರಿಸಲ್ಲ. ಮನೆಯವರು ಸಾಕು ಅನ್ನೋವರೆಗೂ. ಎಲ್ಲ ಕಡೆಯವರೂ ಹಂಗಿಲ್ಲ. ನ್ಯಾನ್ ಕಡೆಯವರು ತುಂಬಾ ಕಟ್ಟುನಿಟ್ಟು.”

ಗೋಡೆಗೆ ತಿರುಗಿಸಿಟ್ಟ ಗಂಡನ ಫೋಟೋ, ‘ಈ ಕೋಟಿನವನು’. ನಾಚಿಕೆಯೂ ಅಲ್ಲ, ಜಗಳವೂ ಅಲ್ಲ. ಇದರಲ್ಲಿ ತೀರಿಕೊಂಡವರ ಹೆಸರು, ಮುಖಗಳಿವೆ ಎಂದು ಮೂಲನಿವಾಸಿಗಳಿಗಾಗಿ ಟಿವಿ ಕಾರ್ಯಕ್ರಮಗಳ ಮೊದಲು ಬರುತ್ತಿದ್ದ ಆ ಎಚ್ಚರಿಕೆಯ ಸಾಲುಗಳನ್ನು ನಾನು ಸಾವಿರ ಸಲ ಓಡಿಸಿ ಮುಂದೆ ಹೋಗಿದ್ದೆ. ಹತ್ತು ವರ್ಷದ ಇಂಚರ ಓದಿದ್ದಳು. ನಮ್ಮಜ್ಜಿಯ ಕಥೆಯನ್ನು ತೊದಲುತ್ತ ಹೇಳಿದೆ. ಆ ಹುಡುಗಿ ಅಳುವಿನ ನಡುವೆಯೇ ನಕ್ಕುಬಿಟ್ಟಳು.

ಆಗ ಇನ್ನೊಂದು ನೆನಪಾಯಿತು. ಸಹಿಯ ದಿನದಿಂದ ಆಂಟಿ ನನ್ನ ಹೆಸರನ್ನೂ ಹೇಳುವುದು ಬಿಟ್ಟಿದ್ದರು. ಹೋದವರ ಹೆಸರು ಹೇಳುವುದಿಲ್ಲ ಎಂದಳಲ್ಲ ಇವಳು. ಅವರ ಪಾಲಿಗೆ ನಾನು ಅಂದೇ ಹೋದವಳೇ? ಕೇಳುವ ಬದಲು ಮಡಿಲಲ್ಲಿದ್ದ ಫ್ರೇಮನ್ನು ಮಗುಚಿ ಹಾಕಿದೆ. ಸೇವಂತಿಗೆ ಕಾಲ ಬಳಿ ಉದುರಿತು.

“ನಾನು ಹೊರಡ್ತೀನಿ. ಒಳಗೆ ಎಲ್ಲರಿಗೂ ಬೇಜಾರು ಮಾಡಿದೆ,” ಎಂದು ಎದ್ದೆ.

ಹುಡುಗಿ ಏಳಲಿಲ್ಲ. ಅಜ್ಜಿಯ ಹಾಗೆಯೇ ತುಟಿ ಚಾಚಿ ಬಾಗಿಲು ತೋರಿಸಿದಳು.

“ಒಳಗೆ ಬಂದು ಟೀ ಕುಡಿದು ಹೋಗಿ, ಅನ್ನಪೂರ್ಣ.”

ನಾಲಿಗೆ ಮಡಚಿ, ಣಕಾರ ಸಮೇತ. ನಾನು ಅಲ್ಲಿಯೇ ನಿಂತುಬಿಟ್ಟೆ.

“ಫ್ರಿಜ್ ಮೇಲೆ ಅಷ್ಟೇ ಫೋರ್ತ್ ಫ್ಲೋರ್ ಅಂತ ಬರೆದಿದ್ದು, ಅದು ನ್ಯಾನ್ ಕೋಪ,” ಎಂದಳು. “ಬಾಯಲ್ಲಿ ಯಾವಾಗ್ಲೂ ಹೆಸರೇ. ನಮಗೆಲ್ಲ ಹೇಳ್ಕೊಟ್ಟು, ತಪ್ಪಾದ್ರೆ ಮತ್ತೆ ಹೇಳಿಸ್ತಿದ್ರು. ಅವಳು ಬಂದ್ರೆ ಆ್ಯನಾ ಗೀನಾ ಅಂದೀರಿ ಅಂತ. ಆ ಹೊಸ ಮನೆಗೆ ಹೋಗಿ ವಾರ ಆಗೋದ್ರೊಳಗೇ ಇನ್ನೊಂದು ಕುರ್ಚಿ ತರಿಸಿದ್ರು. ಎರಡು ಕುರ್ಚಿ ಹಾಕಿದ್ರೆ ಆ ಬಾಲ್ಕನಿ ಬಾಗಿಲು ಮುಚ್ತಿರ್ಲಿಲ್ಲ. ಚಳಿಗಾಲ ಪೂರ್ತಿ ತೆರೆದೇ ಇಟ್ಕೊಂಡಿದ್ರು.”

ಒಳಗೆ ಹೋದೆ. ಫ್ರೇಮನ್ನು ಎದೆಗೆ ಮುಖ ಮಾಡಿ ಹಿಡಿದುಕೊಂಡು ಗೋಡೆಯ ಪಕ್ಕ ನಿಂತಿದ್ದೆ. ಎದ್ದು ಹೋಗಿದ್ದ ಮುದುಕ ಮರಳಿ ಬಂದಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿದ, ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ.

“ಕೂತ್ಕೋ,” ಎಂದ. “ನಿನ್ನ ಜನ ಯಾರು?”